ಸೇತುವೆಯ ಆಚೆಯ ಹಸಿವು

ಲಾರಿಗಳು ಸೇತುವೆ ದಾಟಿದ ಸುದ್ದಿ ನನ್ನ ಕಿವಿಗಿಂತ ಮೊದಲು ಹೊಟ್ಟೆಗೆ ಮುಟ್ಟಿತು. ಆಸ್ಪತ್ರೆಯಲ್ಲಿ ಮರದಿಂದ ಬಿದ್ದವನೊಬ್ಬನ ಮುರಿದ ಕೈಗೆ ಪಟ್ಟಿ ಕಟ್ಟುತ್ತಿದ್ದೆ. ಆಗಷ್ಟೇ ಮುದ್ದೆ, ಹುರುಳಿ ಸಾರು ಉಂಡು ಬಂದಿದ್ದೆ. ತೇಗು ಕೂಡ ಇನ್ನೂ ನಿಂತಿರಲಿಲ್ಲ. ಇದ್ದಕ್ಕಿದ್ದಂತೆ ಪಕ್ಕೆಲುಬಿನ ಕೆಳಗೆ ಯಾರೋ ಕೈ ಹಾಕಿ ಹಿಂಡಿದಂತಾಯಿತು. ಕಣ್ಣು ಕತ್ತಲಿಟ್ಟಿತು, ಪಟ್ಟಿಯ ಸುರುಳಿ ಕೈಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು. ಕೈ ಮುರಿದವನು ನೋವನ್ನೂ ಮರೆತು “ಅಯ್ಯೋ ಡಾಕ್ಟ್ರಮ್ಮ, ಹಸಿವು!” ಎಂದು ಕಿರುಚಿದ. ಬಾಗಿಲ ಬಳಿ ನಮ್ಮ ಕಾಂಪೌಂಡರ್ ರೇವಣ್ಣ ಬಾಳೆಹಣ್ಣನ್ನು ಸಿಪ್ಪೆ ಸಮೇತ ಬಾಯಿಗೆ ತುರುಕಿಕೊಳ್ಳುತ್ತಿದ್ದ.

ನಮ್ಮೂರಿನಲ್ಲಿ ಹಸಿವು ಒಬ್ಬರ ಸ್ವತ್ತಲ್ಲ. ಯಾರಿಗೆ ಹಸಿದರೂ ಎಲ್ಲರಿಗೂ ಹಸಿಯುತ್ತದೆ. ಹಾಗಾಗಿ ಊರಿಗೆಲ್ಲ ಒಂದೇ ಹೊತ್ತಿಗೆ ಊಟ. ಹೊತ್ತಲ್ಲದ ಹೊತ್ತಿನಲ್ಲಿ ಹೊಟ್ಟೆ ಚುರುಗುಟ್ಟಿದರೆ ಹೆಂಗಸರು ತಟ್ಟೆಗೆ ಏನಾದರೂ ಹಾಕಿಕೊಂಡು ಬೀದಿಗಿಳಿದು ಹುಡುಕುತ್ತಾರೆ. ಬಸ್ ನಿಲ್ದಾಣದಲ್ಲಿ ಪರಸ್ಥಳದವನೊಬ್ಬ ಕೂತಿರುತ್ತಾನೆ, ಇಲ್ಲವೇ ಯಾವುದೋ ಮನೆಯ ಮಗು ತೊಟ್ಟಿಲಲ್ಲಿ ಎದ್ದಿರುತ್ತದೆ. ಸೊಸೆಯನ್ನು ಉಪವಾಸ ಕೆಡವುವ ಅತ್ತೆ ನಮ್ಮಲ್ಲಿ ಹುಟ್ಟಲೇ ಇಲ್ಲ. ಹುಟ್ಟಿದ್ದರೂ ಊರು ಬಿಟ್ಟಿರಬೇಕು. ದೇವರಿಗಾಗಿ ಉಪವಾಸ ಮಾಡುವವರು ಮಾತ್ರ ಕಲ್ಲಿನ ಸೇತುವೆ ದಾಟಿ ಹೋಗಬೇಕು, ಅಲ್ಲಿಂದಾಚೆಗೆ ಯಾರ ಹಸಿವು ಅವರದು. ಅವರಿಗೆಂದೇ ಅಲ್ಲೊಂದು ಹಳೆಯ ಮಂಟಪವಿದೆ. ಏಕಾದಶಿಯ ದಿನ ಅಜ್ಜಿಯರು ಚಾಪೆ ಸುತ್ತಿಕೊಂಡು ಅಲ್ಲಿಗೆ ಹೊರಡುತ್ತಾರೆ. ರಂಜಾನ್ ತಿಂಗಳಲ್ಲಿ ದರ್ಜಿ ಓಣಿಯವರು ಹೊಲಿಗೆ ಯಂತ್ರಗಳನ್ನೇ ಅಲ್ಲಿಗೆ ಸಾಗಿಸಿ ಸಂಜೆಯವರೆಗೆ ಹೊಲಿಯುತ್ತಾರೆ. ಒಬ್ಬರೂ ಹಸಿದು ಮಲಗದ ಊರು ಎಂದು ನಮಗೆಲ್ಲ ಸ್ವಲ್ಪ ಜಂಬ. ನನಗೂ ಇತ್ತು.

ಯುದ್ಧ ಮುಗಿದು, ಗುಡ್ಡದಾಚೆ ಜನರನ್ನು ಕೂಡಿಹಾಕಿದ್ದ ಶಿಬಿರದ ಬೇಲಿ ಕಿತ್ತಿದ್ದಾರೆ ಎಂದು ಕೇಳಿದ್ದೆವು. ಅಲ್ಲಿ ಉಳಿದವರನ್ನು ಹತ್ತಿರದ ಆಸ್ಪತ್ರೆ ಎಂದು ನಮ್ಮೂರಿಗೇ ಕಳಿಸುತ್ತಾರೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಜಾಗ ಸಾಲದೆಂದು ಲಾರಿಗಳನ್ನು ನಿಲ್ಲಿಸಿದ್ದ ಶಾಲೆಯ ಅಂಗಳಕ್ಕೆ ನಾನು ಹೊಟ್ಟೆ ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಅವರನ್ನು ಲಾರಿಯಿಂದ ಇಳಿಸಿ ಮರದ ನೆರಳಿನಲ್ಲಿ ಕೂರಿಸಿಯಾಗಿತ್ತು. ಮನುಷ್ಯರನ್ನು ಹಾಗೆ ನೋಡಿದ್ದು ಅದೇ ಮೊದಲು. ಮೊಣಕಾಲಿನ ಗಂಟು ತೊಡೆಗಿಂತ ದಪ್ಪವಾಗಿತ್ತು. ಕೆಲವರ ಪಾದ ಮಾತ್ರ ಊದಿಕೊಂಡು, ಬೇರೆ ಯಾರದೋ ಕಾಲು ತಂದು ಜೋಡಿಸಿದಂತಿತ್ತು. ಊರಿಗೆ ಊರೇ ಅಡುಗೆಮನೆ ಬರಿದು ಮಾಡಿಕೊಂಡು ಬಂದಿತ್ತು. ತುಪ್ಪದನ್ನ, ಹೋಳಿಗೆ, ಕೋಳಿ ಸಾರು, ಮೊಸರು. ಎಲ್ಲರಿಗಿಂತ ಮುಂದೆ ನಮ್ಮಮ್ಮ ಒಬ್ಬ ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ತುತ್ತು ಕೊಡುತ್ತಿದ್ದಳು.

“ನಿಲ್ಲಿಸಿ, ನಿಲ್ಲಿಸಿ, ಯಾರೂ ಕೊಡ್ಬೇಡಿ!” ಎಂದು ಕೂಗಿದೆ. ಓದುವಾಗ ನಮ್ಮ ಪ್ರೊಫೆಸರೊಬ್ಬರು ಬರಗಾಲದ ಗಂಜಿಕೇಂದ್ರದ ಕಥೆ ಹೇಳುತ್ತಿದ್ದರು. ಹಸಿವಿನಿಂದ ಬದುಕಿ ಬಂದವರು ಅನ್ನದಿಂದ ಸತ್ತದ್ದನ್ನು ಕಣ್ಣಾರೆ ಕಂಡವರು ಅವರು. ಬಹಳ ಕಾಲ ಹಸಿದ ದೇಹ ತನ್ನನ್ನೇ ತಿಂದುಕೊಂಡು ಹೇಗೋ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಹೊಟ್ಟೆ ತುಂಬ ಅನ್ನ ಬಿದ್ದರೆ ರಕ್ತದಲ್ಲಿ ಉಳಿದಿರುವ ಒಂದಿಷ್ಟು ಲವಣವೆಲ್ಲ ಅದನ್ನು ಅರಗಿಸಲು ಖರ್ಚಾಗಿ, ಹೃದಯ ನಡೆಯುವುದಕ್ಕೇ ಉಳಿಯುವುದಿಲ್ಲ. ಇದನ್ನೆಲ್ಲ ಕೂಗಿ ಹೇಳಲು ನೋಡಿದೆ. ಯಾರಿಗೆ ಕೇಳಬೇಕು? ಊರಿನ ಅಧ್ಯಕ್ಷರಾದ ಬೊಮ್ಮಯ್ಯನವರು ನಾನು ಹಸಿವಿಗೇ ಕೂಗುತ್ತಿದ್ದೇನೆಂದುಕೊಂಡು ಬಾಯಿಗೆ ಒಂದು ಉಂಡೆ ತುರುಕಿದರು. ಅಷ್ಟರಲ್ಲಿ ಹೊಟ್ಟೆಯ ಹಿಡಿತ ಸಡಿಲವಾಗತೊಡಗಿತು. ಊರೆಲ್ಲ ಉಸ್ಸೆಂದು ಕುಳಿತುಕೊಂಡಿತು. ಅಮ್ಮ ಕೈ ತೊಳೆಯುತ್ತಾ, “ಪಾಪ, ಹೊಟ್ಟೆ ತುಂಬ ತಿಂದ್ರು ನೋಡು ಮಂದಾ” ಎಂದು ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಹೊಟ್ಟೆ ಇನ್ನಷ್ಟು ಹಗುರಾಗಿತ್ತು. ಊರಿನವರು ಪರಸ್ಪರ ನೋಡಿ ನಕ್ಕರು. ನಾನು ಮಾತ್ರ ನಗದೆ ಶಾಲೆಗೆ ಓಡಿದೆ. ಅಲ್ಲಿ ನೋಡಿದರೆ ಕಾಲುಭಾಗ ಜನ ಎದ್ದಿರಲಿಲ್ಲ, ಏಳುವ ಹಾಗೂ ಇರಲಿಲ್ಲ. ಅಮ್ಮ ತುತ್ತು ಕೊಟ್ಟ ಮುದುಕ ಬಾಯಿ ತೆರೆದುಕೊಂಡೇ ಹೋಗಿದ್ದ. ಅವರ ಹಸಿವು ನಿಂತಿತ್ತು, ಅದಕ್ಕೇ ನಮ್ಮ ಹೊಟ್ಟೆ ಹಗುರಾಗಿತ್ತು. ನಾನು ಒಬ್ಬೊಬ್ಬರ ನಾಡಿ ಹಿಡಿದು ನೋಡುತ್ತಾ ಗೋಡೆಯ ಮೂಲೆಗೆ ಬಂದಾಗ ಒಂದು ಕಂಬಳಿಯ ಮುದ್ದೆಯೊಳಗಿನಿಂದ “ಮಂದಾ” ಎಂಬ ದನಿ ಬಂತು. ಮುಖ ಗುರುತು ಸಿಗಲಿಲ್ಲ. ಆದರೆ ನನ್ನನ್ನು ಆ ಹೆಸರಿನಿಂದ ಕರೆಯುವವನು ಅಮ್ಮನನ್ನು ಬಿಟ್ಟರೆ ಒಬ್ಬನೇ ಇದ್ದ. ಯುದ್ಧ ಶುರುವಾದ ವಾರ ಶಾಲೆಗೆ ಸೀಮೆಸುಣ್ಣ ತರಲು ಪೇಟೆಗೆ ಹೋದವನು ತಿರುಗಿ ಬಂದಿರಲಿಲ್ಲ. ನನ್ನ ಅಣ್ಣ, ಪದ್ದಣ್ಣ. ಹಿಂದಿನ ದಿನ ಕೈ ಚಾಚುವ ಶಕ್ತಿಯೂ ಇಲ್ಲದೆ ಬಿದ್ದಿದ್ದರಿಂದ ಅವನಿಗೆ ಯಾರೂ ಉಣಿಸಿರಲಿಲ್ಲ. ಅದರಿಂದಲೇ ಉಳಿದಿದ್ದ. ಅಮ್ಮ ಅವನ ಪಕ್ಕದಲ್ಲೇ ಎರಡು ಸಲ ಹಾದುಹೋಗಿದ್ದಳಂತೆ; ಅವನು ಅಮ್ಮಾ ಎಂದು ಕರೆದಿದ್ದನಂತೆ. ಆ ಅಂಗಳದಲ್ಲಿ ಎಲ್ಲರೂ ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದರು.

ಅವತ್ತಿನಿಂದ ಶಾಲೆಯ ಗೇಟಿಗೆ ಬೀಗ ಹಾಕಿಸಿದೆ. ತೆಳ್ಳನೆಯ ಗಂಜಿ, ಅದಕ್ಕಿಷ್ಟು ಉಪ್ಪು. ನೀರು ಬೆರೆಸಿದ ಹಾಲು. ಹಿಸುಕಿದ ಬಾಳೆಹಣ್ಣು ಬೆರಳ ತುದಿಯಷ್ಟು. ಅದೂ ಚಮಚದಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ. ಕೊಟ್ಟ ಮೇಲೆ ನಾಡಿ ನೋಡಬೇಕು, ಪಾದ ಒತ್ತಿ ಬಾವು ನೋಡಬೇಕು, ಆಮೇಲೆ ಮುಂದಿನ ಚಮಚ. ಎಷ್ಟು ಕೊಟ್ಟರೂ ಅವರ ಹಸಿವು ತಣಿಯುತ್ತಿರಲಿಲ್ಲ, ತಣಿಸುವ ಹಾಗೂ ಇರಲಿಲ್ಲ. ಊರಿನವರ ಪಾಡು ನಾಯಿಪಾಡಾಯಿತು. ಎಷ್ಟು ತಿಂದರೂ ಹೊಟ್ಟೆ ತುಂಬುವುದಿಲ್ಲ. ತಿಂದು ತಿಂದು ವಾಂತಿ ಮಾಡಿಕೊಂಡವರು ಕಡೆಗೆ ನನ್ನ ಬಳಿಗೇ ಬರಬೇಕು! ನನಗೂ ಅದೇ ಹಸಿವು. ಗಂಜಿಯ ಚಮಚ ಇನ್ನೊಬ್ಬರ ಬಾಯಿಗಿಡುವಾಗ ನನ್ನ ಬಾಯಲ್ಲಿ ನೀರೂರಿ ನಾಚಿಕೆಯಾಗುತ್ತಿತ್ತು.

ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿತ್ತು. ಹಸಿವು ಸ್ವಲ್ಪ ಕಡಿಮೆಯಾದರೆ ಊರಿಗೆ ಸಮಾಧಾನ, ನನಗೆ ಜೀವ ಬಾಯಿಗೆ ಬರುತ್ತಿತ್ತು. ಯಾರಿಗೋ ಹೊಟ್ಟೆ ತುಂಬಿತೇ, ಯಾರಾದರೂ ಹೋದರೇ? ಪದ್ದಣ್ಣನೇ? ಎಲ್ಲಿದ್ದರೂ ಕೈಯಲ್ಲಿದ್ದುದನ್ನು ಬಿಟ್ಟು ಶಾಲೆಗೆ ಓಡುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ಓಡಿ ಹೋದಾಗ ಒಬ್ಬ ಹುಡುಗಿಯ ತಲೆದಿಂಬಿನ ಕೆಳಗೆ ಕೊಬ್ಬರಿ ಮಿಠಾಯಿಯ ಪೊಟ್ಟಣ ಸಿಕ್ಕಿತು, ಖಾಲಿಯಾಗಿತ್ತು. ಕಿಟಕಿಯಿಂದ ಯಾರೋ ಎಸೆದಿದ್ದರು. ಸಂಜೆಯೊಳಗೆ ಅವಳು ತೀರಿಕೊಂಡಳು. ಗೋಡೆಯ ಮೇಲಿಂದ ರೊಟ್ಟಿ ಬೀಳುತ್ತಿತ್ತು, ಹಿತ್ತಲ ಬಾಗಿಲಿನಿಂದ ಪಾಯಸ ಬರುತ್ತಿತ್ತು. ಎಸೆದವರು ಕೆಟ್ಟವರಲ್ಲ. ಅವರ ಹೊಟ್ಟೆಯೂ ಉರಿಯುತ್ತಿತ್ತು.

ಬೊಮ್ಮಯ್ಯನವರು ಹತ್ತು ಜನರನ್ನು ಕಟ್ಟಿಕೊಂಡು ಗೇಟಿನ ಹತ್ತಿರ ಬಂದರು. ಮನುಷ್ಯ ಒಳ್ಳೆಯವರೇ. ಆದರೆ ಅವತ್ತು ಕೆನ್ನೆ ಒಳಗೆ ಹೋಗಿ, ಕಣ್ಣು ಕೆಂಪಾಗಿತ್ತು. “ಡಾಕ್ಟ್ರಮ್ಮ, ಹಸಿದೋರಿಗೆ ಅನ್ನ ಹಾಕ್ಬೇಡಿ ಅನ್ನೋ ಡಾಕ್ಟ್ರನ್ನ ನಾನು ಇದೇ ಮೊದಲು ನೋಡ್ತಿರೋದು” ಎಂದರು.

“ನೀವು ಹಾಕಿದ ಅನ್ನ ತಿಂದೋರನ್ನ ನಾನೇ ಹೊರಗೆ ಹೊರಿಸಿದೀನಿ ಬೊಮ್ಮಯ್ಯನವ್ರೇ.”

“ಅವ್ರು ಶಿಬಿರದಲ್ಲೇ ಅರ್ಧ ಸತ್ತು ಬಂದಿದ್ರು. ಅನ್ನದ ಮೇಲೆ ಯಾಕ್ ಹಾಕ್ತೀರಿ ಅಪವಾದಾನ? ನನ್ ಮೊಮ್ಮಗ ಹಾಲು ಕುಡ್ದು ಕುಡ್ದು ಅಳ್ತಿದಾನೆ. ಇನ್ನೂ ಎಷ್ಟು ದಿನ ನಾವು ಹೀಗೆ?”

ಬೀಗದಿಂದ ಈ ಊರನ್ನು ತಡೆಯಲಾಗದು ಎಂಬುದು ನನಗೆ ಖಾತ್ರಿಯಾಯಿತು. ಇವತ್ತೋ ನಾಳೆಯೋ ಯಾವನೋ ಪುಣ್ಯಾತ್ಮ ಪದ್ದಣ್ಣನ ಬಾಯಿಗೂ ಹೋಳಿಗೆ ಇಡುತ್ತಾನೆ. ಆಗ ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ಮಾತು ಹೊರಟುಹೋಯಿತು: “ಇವರನ್ನೆಲ್ಲ ಉಪವಾಸದ ಮಂಟಪಕ್ಕೆ ಕರ್ಕೊಂಡು ಹೋಗ್ತೀನಿ. ಸೇತುವೆ ಆಚೆಗೆ. ನಿಮಗೆ ನೆಮ್ಮದಿ, ಅವರಿಗೂ ಕ್ಷೇಮ. ಹಾಲು, ಸೌದೆ, ಅಕ್ಕಿ ಮಾತ್ರ ದಿನಾ ಕಳಿಸ್ಬೇಕು.” ಬೊಮ್ಮಯ್ಯನವರು ನನ್ನ ಎರಡೂ ಕೈ ಹಿಡಿದುಕೊಂಡರು. “ದಿನಾ ಕಳಿಸ್ತೀವಿ ತಾಯಿ. ಈ ಊರು ಯಾರನ್ನಾದ್ರೂ ಹಸಿದಿರೋಕೆ ಬಿಟ್ಟಿದ್ದುಂಟಾ?” ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಎತ್ತಿನ ಗಾಡಿಗಳಿಗೆ ಹುಲ್ಲು ಹಾಸಿ ಸಾಗಿಸಿದೆವು. ಅಮ್ಮ ಪದ್ದಣ್ಣನ ಗಾಡಿಯಲ್ಲಿ ಕೂತಳು. ಸೇತುವೆ ಮುಗಿದು ಗಾಡಿಯ ಚಕ್ರ ಮಣ್ಣಿಗಿಳಿದದ್ದೇ ತಡ, ನನ್ನ ಹೊಟ್ಟೆಯೊಳಗಿನ ಬೆಂಕಿ ಆರಿಹೋಯಿತು. ಉಳಿದದ್ದು ನನ್ನ ಪಾಲಿನ ಹಸಿವು ಮಾತ್ರ, ಎಷ್ಟು ಚಿಕ್ಕದಾಗಿತ್ತು ಅದು! ಆಮೇಲೆ ಹೆದರಿಕೆಯಾಯಿತು. ಪದ್ದಣ್ಣ ನನ್ನ ಕಣ್ಣೆದುರಿಗೇ ಇದ್ದಾನೆ, ಅವನ ಒಳಗೆ ಏನಾಗುತ್ತಿದೆಯೋ ಗೊತ್ತಾಗುತ್ತಿಲ್ಲ. ಅಲ್ಲಿಯವರೆಗೆ ಅವನು ಬದುಕಿದ್ದಾನೆ ಎಂದು ನನ್ನ ಹೊಟ್ಟೆಯೇ ಹೇಳುತ್ತಿತ್ತು. ಇನ್ನು ನನಗೆ ಅವನ ಮಣಿಕಟ್ಟೊಂದೇ ಗತಿ. ಅಮ್ಮ ಬೆಪ್ಪಾಗಿ ಕೂತಿದ್ದಳು. “ಏನೂ ಗೊತ್ತಾಗ್ತಿಲ್ವಲ್ಲೇ ಮಂದಾ. ಇವನಿಗೆ ಹಸಿವಿದೆಯೋ ಇಲ್ವೋ, ನಾನು ಹ್ಯಾಗೆ ತಿಳ್ಕೊಳ್ಳಿ?” ಎಂದಳು. “ಕೇಳಿ ತಿಳ್ಕೋಬೇಕು ಅಮ್ಮ” ಎಂದೆ. ತನ್ನ ಆಯುಷ್ಯದಲ್ಲಿ ಅವಳು ಯಾರನ್ನೂ ಆ ಪ್ರಶ್ನೆ ಕೇಳಿದವಳಲ್ಲ.

ಮೊದಲ ದಿನ ಊರಿನಿಂದ ಗಾಡಿ ತುಂಬ ಬಂತು. ಆಮೇಲೆ ಅರ್ಧ ಗಾಡಿ. ಆಮೇಲೆ ರೇವಣ್ಣನೊಬ್ಬ ಸೈಕಲ್ಲಿಗೆ ಒಂದು ಕ್ಯಾನ್ ಹಾಲು ಕಟ್ಟಿಕೊಂಡು ಬಂದ. ಆಮೇಲೆ ಅವನೂ ಇಲ್ಲ. ಜಗುಲಿಯ ತುದಿಗೆ ನಿಂತು ಸೇತುವೆಯನ್ನು ನೋಡುತ್ತಿದ್ದೆ. ಆಚೆ ದಡದಿಂದ ಒಗ್ಗರಣೆಯ ಘಮ, ಮಕ್ಕಳ ಗಲಾಟೆ, ಯಾರೋ ಹಾಡುವುದು. ಹೊಟ್ಟೆ ತಣ್ಣಗಾದ ಊರು ಮರೆತಿತ್ತು, ಅಷ್ಟೇ. ಮಂಟಪದಲ್ಲಿ ಅಕ್ಕಿ ಇನ್ನೂ ಇತ್ತು, ಹಾಲು ತಳ ಕಂಡಿತ್ತು. ಈಗ ಇವರ ಹೃದಯಕ್ಕೆ ಬೇಕಾದ ಲವಣ ಹಾಲಿನಲ್ಲಿತ್ತು. ಪದ್ದಣ್ಣನ ನಾಡಿ ನಡುನಡುವೆ ಒಂದೊಂದು ಮೆಟ್ಟಿಲು ಬಿಟ್ಟು ಹತ್ತುವವರಂತೆ ತಪ್ಪುತ್ತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟವನು ನನ್ನನ್ನು ನೋಡಿದ, ಮಾತಾಡುವ ಶಕ್ತಿ ಇರಲಿಲ್ಲ.

ನಾನೇ ಊರಿಗೆ ಹೋಗಿ ಹಾಲು ತರಬೇಕು. ಆದರೆ ಪದ್ದಣ್ಣನನ್ನು ಅಮ್ಮನ ಕೈಗೆ ಬಿಟ್ಟು ಹೋಗುವುದು ಹೇಗೆ? ಅಮ್ಮನ ಪೆಟ್ಟಿಗೆಯಲ್ಲಿ ಬೆಲ್ಲ ಇತ್ತು, ತುಪ್ಪ ಇತ್ತು, ನಾನು ನೋಡಿದ್ದೆ. ಶಿಬಿರದಿಂದ ಬಂದವರಲ್ಲಿ ಜೈನಾಬಿ ಎಂಬ ಹೆಂಗಸು ಆಗಲೇ ಎದ್ದು ಓಡಾಡುವಷ್ಟಾಗಿದ್ದಳು. ಚಮಚ, ಹೊತ್ತು, ಎಲ್ಲ ಇಬ್ಬರಿಗೂ ಮತ್ತೆ ಮತ್ತೆ ಹೇಳಿದೆ. “ಅಮ್ಮ, ಅವನು ಅತ್ತರೂ ಹೆಚ್ಚು ಕೊಡ್ಬೇಡ. ಕಾಲು ಹಿಡಿದ್ರೂ ಕೊಡ್ಬೇಡ” ಎಂದೆ. ಅಮ್ಮ ತಲೆ ಎತ್ತಲಿಲ್ಲ. “ಆ ಮುದುಕಪ್ಪನಿಗೆ ಕೊಟ್ಟಿದ್ದು ಇದೇ ಕೈ ಅಲ್ವೇನೇ” ಎಂದಷ್ಟೇ ಅಂದಳು. ಅದು ಒಪ್ಪಿಗೆಯೋ, ಸಂಕಟವೋ ತಿಳಿಯಲಿಲ್ಲ. ಹೊರಟುಬಿಟ್ಟೆ.

ನಾನೂ ಅವರ ಗಂಜಿಯನ್ನೇ ಕುಡಿದುಕೊಂಡಿದ್ದವಳು. ಹಿಂದಿನ ದಿನದಿಂದ ಪದ್ದಣ್ಣನ ನಾಡಿ ಕಾಯುತ್ತಾ ಅದನ್ನೂ ಬಿಟ್ಟಿದ್ದೆ. ಸೇತುವೆ ದಾಟಿ ಪೇಟೆಬೀದಿಗೆ ಕಾಲಿಟ್ಟೆನೋ ಇಲ್ಲವೋ, ಮನೆಮನೆಯ ಬಾಗಿಲು ತೆರೆಯಿತು. ಮೊದಲ ಮನೆಯವಳು ಚಿತ್ರಾನ್ನ ತಂದಳು, ಎದುರು ಮನೆಯವಳು ಚಕ್ಕುಲಿ. “ನೀವಾ ಡಾಕ್ಟ್ರಮ್ಮ! ಯಾರಪ್ಪಾ ಇಷ್ಟು ಹಸ್ಕೊಂಡಿರೋರು ಅಂತಿದ್ವಿ. ತಗೊಳ್ಳಿ, ತಿನ್ನಿ ತಿನ್ನಿ.” ತಟ್ಟೆಯ ಮೇಲಿನ ನಿಂಬೆಯ ವಾಸನೆಗೆ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಆಗ ಹೊಳೆಯಿತು. ನಾನು ತಿಂದೆನೆಂದರೆ ಊರಿನ ಹೊಟ್ಟೆ ಮತ್ತೆ ತಣ್ಣಗಾಗುತ್ತದೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಅಶ್ವತ್ಥಕಟ್ಟೆಯ ಮೇಲೆ ಹತ್ತಿ ಕೂತು, “ನಾನು ತಿನ್ನಲ್ಲ” ಎಂದೆ.

ಜನ ಸೇರಿದರು. ಮೊದಲು ನಕ್ಕರು, ಆಮೇಲೆ ಬೇಡಿಕೊಂಡರು, ಬಿಸಿಲು ಏರಿದ ಹಾಗೆ ಗದರಿದರು. ಒಬ್ಬಳು ಹೆಂಗಸು ಬಲವಂತವಾಗಿ ಬಾಯಿಗಿಡಲು ನೋಡಿದಳು, ಹಲ್ಲು ಕಚ್ಚಿ ಕೂತೆ. ಬೊಮ್ಮಯ್ಯನವರು ಏದುಸಿರು ಬಿಡುತ್ತಾ ಬಂದರು. “ಇದೇನಮ್ಮಾ ಹಟ ಮಾಡೋದು ಓದಿದೋರು? ಊರಿಗೂರೇ ಒದ್ದಾಡ್ತಿದೆ!”

“ಗೊತ್ತಾಗ್ತಿದೆಯಾ? ಹಾಗಾದ್ರೆ ಸರಿ. ಹಾಲೆಲ್ಲಿ ಬೊಮ್ಮಯ್ಯನವ್ರೇ? ಸೌದೆ ಎಲ್ಲಿ? ದಿನಾ ಕಳಿಸ್ತೀನಿ ಅಂದಿದ್ರಿ.”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಯ್ಯೋ ಶಿವನೇ,” ಎಂದರು ಬೊಮ್ಮಯ್ಯನವರು, ನಿಜವಾಗಿ ಬೆಚ್ಚಿದವರ ಹಾಗೆ, “ನೆನಪೇ ಆಗ್ಲಿಲ್ವಲ್ಲಮ್ಮ. ಹೊಟ್ಟೆ ಸುಮ್ನಿತ್ತು. ಎಲ್ರದ್ದೂ ಊಟ ಆಗಿದೆ ಅಂದ್ಕೊಂಡ್ವಿ.” ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಗಾಡಿ ಹೊರಡುವ ತನಕ ಒಂದು ಅಗುಳೂ ಮುಟ್ಟುವುದಿಲ್ಲ, ನಾಳೆ ಗಾಡಿ ಬರದಿದ್ದರೆ ನಾಳೆಯೂ ಬಂದು ಕೂರುತ್ತೇನೆ ಎಂದೆ. ಓಡಾಟ ಶುರುವಾಯಿತು. ಕ್ಯಾನುಗಳು ಬಂದವು, ಎತ್ತುಗಳು ಬಂದವು. ಆದರೆ ಒಂದು ಎತ್ತಿಗೆ ಲಾಳ ಸಡಿಲವಾಗಿತ್ತು, ಸೌದೆ ಕಟ್ಟಲು ಹಗ್ಗ ಸಿಗಲಿಲ್ಲ, ಹಾಲು ಕಾಯಿಸಿ ಕೊಡಲೋ ಹಾಗೇ ಕೊಡಲೋ ಎಂದು ಹೆಂಗಸರಲ್ಲಿ ಚರ್ಚೆ. ನಾನು ಕಟ್ಟೆಯ ಮೇಲೆ ಕೂತು ಸೇತುವೆಯ ಕಡೆಗೇ ನೋಡುತ್ತಿದ್ದೆ. ಪದ್ದಣ್ಣ ಇಷ್ಟು ಹೊತ್ತಿಗೆ ಎದ್ದಿರುತ್ತಾನೆ, ಅಮ್ಮನ ಮುಖ ನೋಡಿರುತ್ತಾನೆ. ಅವನು ಅಮ್ಮಾ ಎಂದರೆ ಸಾಕು, ಪೆಟ್ಟಿಗೆಯ ಮುಚ್ಚಳ ತೆರೆದುಕೊಳ್ಳುತ್ತದೆ. ನನ್ನ ಹೊಟ್ಟೆಯೊಳಗೆ ನನ್ನದೇ ಹಸಿವು ಕೂಗುತ್ತಿತ್ತು. ಅವನದು ಇದೆಯೋ ನಿಂತಿದೆಯೋ, ಅಲ್ಲಿ ಕೂತವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎದ್ದು ಓಡಿಬಿಡಲೇ ಎನಿಸಿತು. ಎದ್ದರೆ ಹಾಲಿಲ್ಲ. ಕೂತರೆ ಅಲ್ಲಿ ಅಮ್ಮ, ಅವಳ ಪೆಟ್ಟಿಗೆ. ಕೂತೆ.

ಗಾಡಿಗಳು ಹೊರಟಾಗ ಒಂದು ಲೋಟ ಮಜ್ಜಿಗೆ ಕುಡಿದೆ. ಬೀದಿಯ ತುಂಬ ಉಸ್ಸೆಂಬ ಸದ್ದು ಕೇಳಿತು. ಬೊಮ್ಮಯ್ಯನವರು ತಾವೇ ಮುಂದಿನ ಗಾಡಿ ಹೊಡೆದರು. ಸೇತುವೆ ದಾಟಿದ ಮೇಲೆ ಅವರು ಹೊಟ್ಟೆ ಮುಟ್ಟಿ ನೋಡಿಕೊಂಡು ಏನೋ ಹೇಳಲು ಹೊರಟರು. ನಾನು ಕೈಯೆತ್ತಿ ತಡೆದೆ. ಮಂಟಪದ ಕಡೆಯಿಂದ ಕೂಗು ಬರುತ್ತಿತ್ತು. ಗಂಡಸಿನ ದನಿ, ಒಡೆದದ್ದು. ಗಾಡಿಯಿಂದ ಹಾರಿ ಓಡಿದೆ.

“ತಾಯಂತೆ ತಾಯಿ! ರಾಕ್ಷಸಿ ನೀನು! ಹಾಳಾಗ್ ಹೋಗು! ಶಿಬಿರದೋರೇ ವಾಸಿ, ಎದುರಿಗೆ ಕೂತ್ಕೊಂಡು ನೋಡ್ತಿರ್ಲಿಲ್ಲ ಅವ್ರು! ಒಂದ್ ಚಮಚ ಅಂದ್ರೆ ಒಂದ್ ಚಮಚ, ಕೊಡೇ ಪಾಪಿ!”

ಪದ್ದಣ್ಣ ಮೊಣಕೈ ಊರಿಕೊಂಡು ಅರ್ಧ ಎದ್ದಿದ್ದ. ಪಾಠ ಒಪ್ಪಿಸದ ಮಕ್ಕಳಿಗೆ ಕತ್ತೆ ಎಂದೂ ಬೈಯದ ಮೇಷ್ಟ್ರು ಅವನು. ನನ್ನನ್ನು ಕಂಡದ್ದೇ “ಬಂದ್ಲು ಇನ್ನೊಬ್ಳು, ಡಾಕ್ಟ್ರಂತೆ!” ಎಂದು ಉಗುಳಲು ನೋಡಿದ, ಬಾಯಲ್ಲಿ ಉಗುಳಿರಲಿಲ್ಲ. ಮಣಿಕಟ್ಟು ಹಿಡಿದೆ. ಕೊಸರಿಕೊಂಡ. ಕೊಸರಿಕೊಳ್ಳುವಷ್ಟು ಬಲವಿತ್ತು! ಬಿಡದೆ ಹಿಡಿದು ಎಣಿಸಿದೆ. ನಾಡಿ ತೆಳ್ಳಗಿತ್ತು, ಬೆಳಗಿನಷ್ಟು ತಪ್ಪುತ್ತಿರಲಿಲ್ಲ. ಅಮ್ಮನಿಗೆ ಹೇಳೋಣವೆಂದು ತಿರುಗಿದೆ.

ಅಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಹರಿದ ಸೀರೆಯ ಪಟ್ಟಿಯಿಂದ ಅವಳ ಎರಡೂ ಕೈಗಳನ್ನು ಕಂಬಕ್ಕೆ ಬಿಗಿಯಲಾಗಿತ್ತು. ಪಕ್ಕದಲ್ಲಿ ಚಮಚ ಹಿಡಿದುಕೊಂಡು ನಿಂತಿದ್ದ ಜೈನಾಬಿ ತಪ್ಪು ಮಾಡಿದವಳಂತೆ, “ಅಮ್ಮನೇ ಕಟ್ಟಿಸ್ಕೊಂಡ್ರು. ನಾನು ಬೇಡ ಅಂದೆ” ಎಂದಳು.

“ನಾನೇ ಹೇಳಿದ್ದು” ಎಂದಳು ಅಮ್ಮ. “ಇಲ್ಲಿ ನಂಗೆ ಅವನ ಹಸಿವು ಗೊತ್ತೇ ಆಗಲ್ಲ ಕಣೆ. ಆದ್ರೂ ಕೈ ಹೋಗುತ್ತೆ. ಎರಡು ಸಲ ಪೆಟ್ಟಿಗೆ ತೆಗ್ದಿದ್ದೆ.” ಕೆನ್ನೆಯ ಮೇಲೆ ನೀರು ಒಣಗಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. “ನೀನು ಹೋದಾಗಿನಿಂದ ಬೈತಾ ಇದಾನೆ ಮಂದಾ. ಒಂದು ಬೈಗುಳ ಬಿಟ್ಟಿಲ್ಲ. ನಿನ್ನೆ ಅವನಿಗೆ ನರಳೋಕೂ ಆಗ್ತಿರ್ಲಿಲ್ಲ ಅಲ್ವಾ?” ಎಂದು ನಕ್ಕಳು.

ನಾನು ಗಂಟು ಬಿಚ್ಚಲು ಬಗ್ಗಿದೆ. ಅಮ್ಮ ಕೈಗಳನ್ನು ಎಳೆದುಕೊಂಡಳು. “ಬಿಚ್ಬೇಡ. ಮೊದ್ಲು ಹಾಲು ಹಾಕು ಅವನಿಗೆ. ಎರಡೇ ಚಮಚ. ನಾನು ಬೇಡ್ಕೊಂಡ್ರೂ ಮೂರನೇದು ಹಾಕ್ಬೇಡ.”

ಎರಡು ಚಮಚ ಹಾಕಿದೆ. ಪದ್ದಣ್ಣ ಬೈಯುವುದನ್ನು ನಿಲ್ಲಿಸಿ, ಮೂರನೆಯದಕ್ಕೆ ಬಾಯಿ ತೆರೆದುಕೊಂಡು ಕಾದ. ಅಮ್ಮ ಕಂಬದ ಕಡೆಗೆ ಮುಖ ತಿರುಗಿಸಿಕೊಂಡಳು.